‘ಇದರಲ್ಲಿ ಯಾವ ಫೈನಲ್ಲು ಸಾರ್ ಫೈನಲ್ಲು?’: ಆಫೀಸಿನ ಡ್ರಾಯಿಂಗ್ ಫೈಲ್‌ಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದಿಂದ, ಆರ್ಕಿಟೆಕ್ಟ್):
ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಜನರ ಚಿಕ್ಕ ಆಫೀಸು. ಹೋದ ವಾರ ಒಂದು 30-40 ಸೈಟಿನಲ್ಲಿ ಎಡವಟ್ಟಾಯಿತು. ಮಾಲೀಕರು ವಾಸ್ತು ಕೇಳಿಸಿಕೊಂಡು ಬಂದು ಅಡುಗೆಮನೆ ಬಾಗಿಲನ್ನು ಎರಡು ಅಡಿ ಸರಿಸಿ ಅಂದಿದ್ದರು. ಸರಿಸಿ, ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಸೈಟಿಗೆ ಹೋಗಿ ನೋಡಿದರೆ ಗೋಡೆ ಲಿಂಟೆಲ್ ಮಟ್ಟಕ್ಕೆ ಬಂದಿದೆ, ಬಾಗಿಲು ಮಾತ್ರ ಹಳೇ ಜಾಗದಲ್ಲೇ ಇದೆ! ಮೇಸ್ತ್ರಿ ಫೋನ್ ತೆಗೆದು ನೆಲಮಹಡಿಯ (ಜಿಎಫ್) ಪ್ಲಾನ್ ಫೈಲ್‌ಗಳನ್ನು ತೋರಿಸಿದರು. ‘ಜಿಎಫ್ ಪ್ಲಾನ್ ಫೈನಲ್’, ‘ಜಿಎಫ್ ಪ್ಲಾನ್ ಫೈನಲ್ 2’, ‘ಜಿಎಫ್ ಪ್ಲಾನ್ ಫೈನಲ್ ನ್ಯೂ’. “ಇದರಲ್ಲಿ ಯಾವ ಫೈನಲ್ಲು ಸಾರ್ ಫೈನಲ್ಲು?” ಅಂದರು. ನನಗೂ ತಕ್ಷಣ ಹೊಳೆಯಲಿಲ್ಲ. ಇದಕ್ಕೆ ಯಾವುದಾದರೂ ಸಾಫ್ಟ್‌ವೇರ್ ತಗೊಳ್ಳಬೇಕಾ ಮೇಡಂ?

ಉತ್ತರ (ಮೈಸೂರಿನ ಆರ್ಕಿಟೆಕ್ಟ್):
ಸಾಫ್ಟ್‌ವೇರ್ ಆಮೇಲೆ. ಮೊದಲು ‘ಫೈನಲ್’ ಅನ್ನೋ ಪದ ಬಿಡಿ. ಗೃಹಪ್ರವೇಶ ಆಗೋವರೆಗೂ ಯಾವುದೂ ಫೈನಲ್ ಅಲ್ಲ. ಆದಮೇಲೂ ಕೆಲವರು ಬಿಡಲ್ಲ, ಅದು ಬೇರೆ ಮಾತು.

ನೀವು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತಾ ದಿನಾ ಕೆಲಸ ಮಾಡುವ ಕ್ಯಾಡ್ ಫೈಲ್ ಒಂದು. ಆಫೀಸಿನಿಂದ ಹೊರಗೆ ಹೋದ ಡ್ರಾಯಿಂಗ್ ಇನ್ನೊಂದು. ನಿಮ್ಮಲ್ಲಿ ಇವೆರಡೂ ಒಂದೇ ಫೋಲ್ಡರಿನಲ್ಲಿ ಕಲಸಿಹೋಗಿವೆ ಅನ್ಸುತ್ತೆ. ಕ್ಯಾಡ್ ಫೈಲ್ ಎಷ್ಟು ಸಲ ಬೇಕಾದರೂ ಬದಲಾಗಲಿ, ಅದರ ಹೆಸರು ಬದಲಾಗಬಾರದು. ಹೊರಗೆ ಹೋದದ್ದು ಹಾಗಲ್ಲ. ಅದು ಪಿಡಿಎಫ್ ಆಗಿ, ಕಳಿಸಿದ ದಿನಾಂಕದ ಫೋಲ್ಡರಿನಲ್ಲಿ ಕೂರಬೇಕು. ಮತ್ತೆ ಯಾರೂ ಅದನ್ನು ಮುಟ್ಟಬಾರದು. ತಪ್ಪಿದ್ದರೆ ತಪ್ಪೂ ಹಾಗೇ ಇರಲಿ. ನಾಳೆ ಜಗಳ ಬಂದಾಗ ‘ನಾವು ಏನು ಕಳಿಸಿದ್ವಿ’ ಅನ್ನೋದಕ್ಕೆ ಅದೊಂದೇ ಸಾಕ್ಷಿ.

ಹೊರಗೆ ಹೋಗುವ ಪಿಡಿಎಫ್‌ಗೆ ಹೆಸರು ಹೀಗಿಡಿ: 121-ಎ-102-ಆರ್3. 121 ಅಂದರೆ ಕೆಲಸದ ನಂಬರ್, ಎ ಅಂದರೆ ಆರ್ಕಿಟೆಕ್ಚರ್, 102 ಶೀಟ್ ನಂಬರ್, ಆರ್3 ಮೂರನೇ ಪರಿಷ್ಕರಣೆ. ಮಾಲೀಕರ ಹೆಸರಲ್ಲಿ ಫೋಲ್ಡರ್ ಬೇಡ. ನಮ್ಮಲ್ಲಿ ಒಂದೇ ಹೆಸರಿನ ಮೂವರು ಒಂದೇ ವರ್ಷ ಮನೆ ಕಟ್ಟಿಸಿ ನಮ್ಮ ತಲೆ ಕೆಡಿಸಿದ್ದರು. ದಿನಾಂಕ ಬರೆಯುವಾಗ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಆಗ ಫೋಲ್ಡರ್‌ಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಜೊತೆಗೆ ಒಂದೇ ಒಂದು ಎಕ್ಸೆಲ್ ಶೀಟ್. ಯಾವ ಡ್ರಾಯಿಂಗ್, ಎಷ್ಟನೇ ಪರಿಷ್ಕರಣೆ, ಯಾವತ್ತು, ಯಾರಿಗೆ, ಯಾಕೆ ಬದಲಾಯಿತು. ಈ ‘ಯಾಕೆ’ ಕಾಲಂ ಬಿಡಬೇಡಿ. ‘ಮಾಲೀಕರು ಫೋನಿನಲ್ಲಿ ಹೇಳಿದ್ದಕ್ಕೆ’ ಅಂತ ಬರೆದಿಟ್ಟ ಒಂದು ಸಾಲು ನನ್ನ ಫೀಸ್ ಉಳಿಸಿದೆ.

ಇನ್ನು ಸೈಟು. ಮೇಸ್ತ್ರಿ ಎಕ್ಸೆಲ್ ನೋಡಲ್ಲ. ಫೋನಿನಲ್ಲಿ ಕೈಗೆ ಸಿಕ್ಕ ಪಿಡಿಎಫ್ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ ಅಳತೆ ಓದುತ್ತಾರೆ. ಆಗ ಕೆಳಗಿನ ಟೈಟಲ್ ಬ್ಲಾಕ್ (ಹೆಸರು, ಪರಿಷ್ಕರಣೆ ನಂಬರ್ ಇರುವ ಚೌಕ) ಸ್ಕ್ರೀನಿನಲ್ಲೇ ಇರಲ್ಲ! ಅದಕ್ಕೇ ನಾವು ಪ್ಲಾನಿನ ನಡುವೆ, ಹಾಲ್‌ನಲ್ಲಿ ಖಾಲಿ ಇರುವ ಕಡೆ, ಪರಿಷ್ಕರಣೆ ನಂಬರನ್ನು ಅಂಗೈಯಗಲ ‘3’ ಅಂತ ತಿಳಿಬಣ್ಣದಲ್ಲಿ ಬರೆಯುತ್ತೇವೆ. ಬದಲಾದ ಜಾಗಕ್ಕೆ ಮೋಡದ ಆಕಾರದ ಗೆರೆ ಸುತ್ತುತ್ತೇವೆ. ಸೈಟಿನಲ್ಲಿ ಪ್ರಿಂಟ್ ಇರಲೇಬೇಕು. ಹಳೇ ಪ್ರಿಂಟ್ ವಾಪಸ್ ಕೊಟ್ಟರೆ ಮಾತ್ರ ಹೊಸದು.

ಪ್ರಶ್ನೆ (ಮಂಗಳೂರಿನಿಂದ):
ವಾಟ್ಸಾಪ್‌ನಲ್ಲಿ ಹಳೇದನ್ನ ಎಲ್ಲರಿಗೂ ಡಿಲೀಟ್ ಮಾಡಿಬಿಟ್ಟರೆ ಆಗಲ್ವಾ?

ಉತ್ತರ:
ಕಳಿಸಿ ಎರಡೂವರೆ ದಿನ ದಾಟಿದರೆ ಹಾಗೆ ಅಳಿಸೋಕೆ ಆಗಲ್ಲ. ಆದರೂ ಬೇಡ ಅಂತೀನಿ, ನಿಮ್ಮ ಸಾಕ್ಷಿಯನ್ನೂ ನೀವೇ ಅಳಿಸಿದ ಹಾಗಾಗುತ್ತೆ. ಹಳೇ ಪಿಡಿಎಫ್‌ಗೇ ರಿಪ್ಲೈ ಒತ್ತಿ ‘ಇದು ರದ್ದು, 3ನೇದು ನೋಡಿ’ ಅಂತ ಹಾಕಿ. ಮತ್ತೆ, ಡ್ರಾಯಿಂಗನ್ನು ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆದರೆ ಕುಗ್ಗಿಹೋಗಿ, 3 ಯಾವುದು 8 ಯಾವುದು ಗೊತ್ತಾಗಲ್ಲ.

ಪ್ರಶ್ನೆ (ಶಿವಮೊಗ್ಗದಿಂದ):
ನಮ್ಮ ಗೋಳು ಬೇರೆ. ಎಲ್ಲ ಫೈಲ್ ಗೂಗಲ್ ಡ್ರೈವ್‌ನಲ್ಲಿ ಇಟ್ಟಿದ್ದೇವೆ. ನಾನು ಮತ್ತು ಜೂನಿಯರ್ ಒಂದೇ ಫೈಲ್ ತೆಗೆದು ಕೆಲಸ ಮಾಡಿ, ನನ್ನ ಅರ್ಧ ದಿನದ ಕೆಲಸ ಹೋಯಿತು. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಕಳಿಸಿದರೆ ‘ಗ್ರಿಡ್ (ಕಂಬಗಳ ಜಾಗ ತೋರಿಸುವ ಗೆರೆಗಳು) ಕಾಣ್ತಿಲ್ಲ, ಫೈಲೂ ಓಪನ್ ಆಗ್ತಿಲ್ಲ’ ಅಂತಾರೆ.

ಉತ್ತರ:
ಒಂದೊಂದಾಗಿ ನೋಡೋಣ. ಆಟೋಕ್ಯಾಡ್‌ನಲ್ಲಿ ಒಬ್ಬರು ಫೈಲ್ ತೆರೆದ ಕೂಡಲೇ ಪಕ್ಕದಲ್ಲೇ ಡಿಡಬ್ಲ್ಯೂಎಲ್ ಅಂತ ಒಂದು ಪುಟ್ಟ ಫೈಲ್ ಹುಟ್ಟುತ್ತೆ. ‘ಒಳಗೆ ಜನ ಇದ್ದಾರೆ’ ಅಂತ ಬಾಗಿಲಿಗೆ ಹಾಕಿದ ಬೋರ್ಡ್ ಇದ್ದ ಹಾಗೆ. ಆಫೀಸಿನೊಳಗಿನ ಸರ್ವರ್ ಅಥವಾ ನ್ಯಾಸ್ ಡಬ್ಬಿಯಲ್ಲಿ (ಎಲ್ಲರೂ ಹಂಚಿಕೊಳ್ಳುವ ನೆಟ್‌ವರ್ಕ್ ಡಿಸ್ಕ್) ಇದು ಸರಿಯಾಗಿ ಕೆಲಸ ಮಾಡುತ್ತೆ. ಗೂಗಲ್ ಡ್ರೈವ್‌ನಲ್ಲಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಬೇರೆ ಪ್ರತಿ ಇರುತ್ತೆ. ಬೋರ್ಡ್ ಇನ್ನೊಬ್ಬರಿಗೆ ಕಾಣುವಷ್ಟರಲ್ಲಿ ಅವರು ಒಳಗೆ ಬಂದಾಗಿರುತ್ತೆ. ಕಳೆದುಹೋದ ಕೆಲಸಕ್ಕೆ ನಿಮ್ಮ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಬಿಎಕೆ ಫೈಲ್ ಇದೆಯಾ ನೋಡಿ. ಅದರ ಹೆಸರಿನ ಕೊನೆಯನ್ನು ಆಟೋಕ್ಯಾಡ್ ಫೈಲಿನ ಹಾಗೆ ಡಿಡಬ್ಲ್ಯೂಜಿ ಅಂತ ಬದಲಿಸಿದರೆ ಹಿಂದಿನ ಸಲ ಸೇವ್ ಮಾಡಿದ್ದು ತೆರೆಯುತ್ತೆ. ಡ್ರೈವ್‌ನಲ್ಲೂ ಹಳೇ ಆವೃತ್ತಿಗಳು 30 ದಿನ ಇರುತ್ತವೆ, ಇವತ್ತೇ ಹುಡುಕಿ.

ಗ್ರಿಡ್ ಕಾಣದ್ದಕ್ಕೆ ಕಾರಣ ಎಕ್ಸ್‌ರೆಫ್, ಅಂದರೆ ಈ ಫೈಲಿಗೆ ಜೋಡಿಸಿದ ಇನ್ನೊಂದು ಫೈಲಿನ ದಾರಿ ಇರಬೇಕು. ನಿಮ್ಮ ಡಿ ಡ್ರೈವಿನ ಪೂರ್ತಿ ವಿಳಾಸ ಫೈಲಿನೊಳಗೆ ಕೂತಿದೆ, ಅವರ ಕಂಪ್ಯೂಟರಿನಲ್ಲಿ ಆ ಮನೆಯೇ ಇಲ್ಲ. ಎಕ್ಸ್‌ರೆಫನ್ನು ರಿಲೇಟಿವ್ ಪಾತ್‌ಗೆ (ಈ ಫೈಲ್ ಇರುವ ಫೋಲ್ಡರಿನಿಂದ ಶುರುವಾಗುವ ದಾರಿಗೆ) ಬದಲಿಸಿ. ಹೊರಗೆ ಕಳಿಸುವಾಗ ಆಟೋಕ್ಯಾಡ್‌ನಲ್ಲೇ ಇರುವ ಇ-ಟ್ರಾನ್ಸ್‌ಮಿಟ್ ಬಳಸಿ. ಎಕ್ಸ್‌ರೆಫ್, ಫಾಂಟ್, ಪ್ಲಾಟ್ ಸ್ಟೈಲ್ (ಪ್ರಿಂಟಿನ ಗೆರೆ ದಪ್ಪ, ಬಣ್ಣದ ಸೆಟ್ಟಿಂಗ್) ಎಲ್ಲ ಒಂದೇ ಗಂಟಾಗಿ ಹೋಗುತ್ತೆ.

ಫೈಲ್ ಓಪನ್ ಆಗದಿದ್ದರೆ ಅವರದು ಹಳೇ ಆಟೋಕ್ಯಾಡ್ ಇರಬಹುದು. ಒಂದು ಮೋಜು ಹೇಳ್ತೀನಿ. ಡಿಡಬ್ಲ್ಯೂಜಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪುಟ ತುಂಬ ಗೋಜಲು, ಆದರೆ ಮೊದಲ ಆರು ಅಕ್ಷರ ಓದಬಹುದು. ಎಸಿ1032 ಅಂತ ಇದ್ದರೆ 2018ರ ಫಾರ್ಮ್ಯಾಟ್, ಎಸಿ1027 ಇದ್ದರೆ 2013ರದು. ಅವರದು ಯಾವ ವರ್ಷದ್ದು ಕೇಳಿ, ಆ ಫಾರ್ಮ್ಯಾಟಿನಲ್ಲೇ ಸೇವ್ ಮಾಡಿ ಕಳಿಸಿ. ನೋಡಿದ ಮೇಲೆ ನೋಟ್‌ಪ್ಯಾಡನ್ನು ಸೇವ್ ಮಾಡದೆ ಮುಚ್ಚಿ, ಮರೀಬೇಡಿ.

ಪ್ರಶ್ನೆ (ಧಾರವಾಡದಿಂದ):
ಕೆಲಸಗಾರರಿಗೆ ಅಂತ ಕನ್ನಡದಲ್ಲೇ ಟಿಪ್ಪಣಿ ಬರೀತೀವ್ರಿ, ನುಡಿ ಫಾಂಟಿನಲ್ಲಿ. ಬೇರೆ ಕಡೆ ತೆಗೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ.

ಉತ್ತರ:
ಕನ್ನಡದಲ್ಲಿ ಬರೀತೀರಿ ಅನ್ನೋದೇ ಖುಷಿ. ಹಳೇ ನುಡಿ ಫಾಂಟುಗಳಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತೆ. ಹೊಸ ಕೆಲಸಗಳಿಗೆ ಯೂನಿಕೋಡ್‌ಗೆ ಬನ್ನಿ, ಅದರಲ್ಲಿ ಒಳಗಿರೋದೂ ಕನ್ನಡ ಅಕ್ಷರವೇ. ಸೈಟಿಗೆ ಹೇಗೂ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಹೋಗಲಿ.

ಪ್ರಶ್ನೆ (ಬೆಂಗಳೂರಿನಿಂದ):
ಕಟ್ಟಡದ ಮಾಹಿತಿ ನಿರ್ವಹಣೆಗೆ ಐಎಸ್‌ಒ 19650 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆಯಲ್ಲ ಮೇಡಂ, ಅದನ್ನೇ ಪಾಲಿಸಬಹುದಲ್ವಾ? ಮತ್ತೆ, ಮುಗಿದ ಕೆಲಸದ ಫೈಲ್ ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಉತ್ತರ:
ಅದು 2018ರಲ್ಲಿ ಬಂದಿದ್ದು, ದೊಡ್ಡ ಯೋಜನೆಗಳಿಗೆ ಒಳ್ಳೇದು. ಮೂರು ಜನರ ಆಫೀಸಿಗೆ ಪೂರ್ತಿ ಹೊತ್ತುಕೊಳ್ಳೋದು ಬೇಡ. ಅದರಲ್ಲಿ ಫೈಲ್‌ಗೆ ನಾಲ್ಕು ಸ್ಥಿತಿ: ಕೆಲಸ ನಡೀತಿರೋದು, ತಂಡದವರಿಗೆ ತೋರಿಸಿದ್ದು, ಒಪ್ಪಿ ಹೊರಗೆ ಕೊಟ್ಟಿದ್ದು, ತೆಗೆದಿಟ್ಟಿದ್ದು. ಈ ನಾಲ್ಕು ಫೋಲ್ಡರ್ ಮಾಡಿಕೊಂಡರೆ ಸಾಕು.

ಎಷ್ಟು ವರ್ಷ ಅನ್ನೋದಕ್ಕೆ ನನ್ನ ಕಥೆ ಕೇಳಿ. 2004ರಲ್ಲಿ ಮಾಡಿದ ಮನೆಯವರು 2016ರಲ್ಲಿ ಬಂದು ಮೇಲೊಂದು ಮಹಡಿ ಹಾಕಬೇಕು ಅಂದರು. ಸಿಡಿ ಹುಡುಕಿ ಹಾಕಿದರೆ ಗರ್ ಗರ್ ಅಂತ ತಿರುಗಿತೇ ಹೊರತು ಓದಲಿಲ್ಲ. ಅಟ್ಟದ ಮೇಲಿನ ಟ್ಯೂಬಿನಲ್ಲಿ ಅಮೋನಿಯಾ ಪ್ರಿಂಟ್ (ಹಳೇ ರೀತಿಯ ನಕ್ಷೆ ನಕಲು) ಸಿಕ್ಕಿತು, ಅಂಚು ಹಳದಿಯಾಗಿತ್ತು, ಅಳತೆಗಳು ಚೆನ್ನಾಗಿದ್ದವು. ಆದರೆ ಫುಟಿಂಗ್ (ಪಾಯದ) ಡ್ರಾಯಿಂಗ್ ನನ್ನ ಬಳಿ ಇರಲೇ ಇಲ್ಲ, ಅದು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ. ಅವರು ಅಷ್ಟರಲ್ಲಿ ಆಫೀಸು ಮುಚ್ಚಿದ್ದರು. ಕೊನೆಗೆ ಕಾಂಪೌಂಡ್ ಪಕ್ಕ ಗುಂಡಿ ತೋಡಿಸಿ ಪಾಯ ಅಳೆದೆವು. ಅವತ್ತಿನಿಂದ ಕೊನೆಯ ಬಿಲ್ ಕಳಿಸುವ ಮೊದಲು ಸ್ಟ್ರಕ್ಚರ್, ಕರೆಂಟ್, ಪ್ಲಂಬಿಂಗ್, ಮಂಜೂರಾದ ನಕ್ಷೆ, ಎಲ್ಲರದ್ದೂ ತರಿಸಿಕೊಂಡು ಒಂದೇ ಕಡೆ ಇಡುತ್ತೇನೆ. ಕಟ್ಟಡ ನಿಂತಿರೋವರೆಗೂ ಇಡಿ, ಡಿಸ್ಕ್ ಈಗ ಅಗ್ಗ. ಎರಡು ಡಿಸ್ಕ್ ಇರಲಿ, ಒಂದು ಮನೆಯಲ್ಲಿ. ಗೂಗಲ್ ಡ್ರೈವ್‌ಗೆ ಸಿಂಕ್ ಆಗಿದೆ ಅಂದರೆ ಬ್ಯಾಕಪ್ ಆಯಿತು ಅಂತಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತೆ, ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ. ಮೂರು ತಿಂಗಳಿಗೊಮ್ಮೆ ಡಿಸ್ಕಿನಿಂದ ಒಂದು ಹಳೇ ಕೆಲಸ ತೆಗೆದು ತೆರೆದು ನೋಡಿ. ನಾನು ಸಿಡಿಯನ್ನು ಹನ್ನೆರಡು ವರ್ಷ ಮುಟ್ಟಿರಲಿಲ್ಲ.

ಹಾಸನದವರು ಮತ್ತೆ:
ಮೇಡಂ, ಬಾಗಿಲು ಒಡೆದು ಸರಿಸಿದ್ದಾಯಿತು, ಖರ್ಚು ನಾವೂ ಕಾಂಟ್ರಾಕ್ಟರೂ ಅರ್ಧ ಅರ್ಧ. ನಿನ್ನೆ ಹಾಲ್ ನಡುವೆ ದೊಡ್ಡ ‘4’ ಬರೆದ ಪ್ರಿಂಟ್ ಕಳಿಸಿದೆ. ಸಂಜೆ ಮೇಸ್ತ್ರಿ ಫೋನು: “ಸಾರ್, ಹಾಲಲ್ಲಿ ನಾಲ್ಕು ಅಂತ ಬರೆದಿದೆ, ನಾಲ್ಕು ಫ್ಯಾನ್ ಪಾಯಿಂಟಾ?”

ಉತ್ತರ:
ಹ್ಹಹ್ಹ! ‘ನಕ್ಷೆ 4’ ಅಂತ ಬರೀರಿ. ನಾವೂ ಈಗಲೇ ತಿದ್ದುತ್ತೇವೆ.