ಮೇ ಮಳೆಗೆ ಬಿತ್ತಿದ ಬೆಂಡೆ, ಅಲಸಂಡೆ ಹುಟ್ಟಿ ಸತ್ತವು. ಮತ್ತೆ ಯಾವಾಗ ಬಿತ್ತಲಿ?

ಹಿತ್ತಲ ಬೆಂಡೆ, ಮಣಿಪಾಲ
ಮನೆ ಹಿಂದೆ ಸ್ವಲ್ಪ ಜಾಗ ಉಂಟು, ಮುರಕಲ್ಲಿನ ಮಣ್ಣು. ಮೇ ಶುರುವಿಗೆ ಸಂಜೆ ಹೊತ್ತು ಜೋರು ಮಳೆ ಬಂತು. ನೆಲ ಮೆತ್ತಗಾಯಿತಲ್ಲ ಅಂತ ಊರ ಬೆಂಡೆ, ಅಲಸಂಡೆ, ಹೀರೆ, ಕೆಂಪು ಹರಿವೆ ಎಲ್ಲ ಒಟ್ಟಿಗೆ ಬಿತ್ತಿದೆ. ಬೆಂಡೆ, ಅಲಸಂಡೆ ಚೆನ್ನಾಗಿಯೇ ಹುಟ್ಟಿದವು. ಆಮೇಲೆ ಮಳೆಯ ಸುದ್ದಿಯೇ ಇಲ್ಲ, ಸುಡು ಬಿಸಿಲು. ದಿನಾ ಸಂಜೆ ಕೊಡದಲ್ಲಿ ನೀರು ಚಿಮುಕಿಸುತ್ತಿದ್ದೆ. ಆದರೂ ಎರಡೆಲೆಯಲ್ಲೇ ಬೆಂಡೆ ಬಾಡಿತು, ಅಲಸಂಡೆ ಅಡ್ಡ ಬಿತ್ತು. ಹರಿವೆ ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಬೀಜ ಸರಿ ಇಲ್ಲವಾ, ಮಣ್ಣಿನಲ್ಲಿ ರೋಗವಾ? ಇವತ್ತು ಮತ್ತೆ ಮೋಡ ಕಟ್ಟಿದೆ. ಉಳಿದ ಬೀಜ ಹಾಕಿಬಿಡಲಾ?

ಕಟಪಾಡಿ ಗದ್ದೆ
ಇವತ್ತು ಹಾಕಬೇಡಿ. ಮೊದಲು ಸತ್ತ ಸಸಿ ಕಿತ್ತು ನೋಡಿ. ಬುಡ ನೂಲಿನ ಹಾಗೆ ಸಪೂರವಾಗಿ, ಕಂದಾಗಿ, ಮುಟ್ಟಿದರೆ ಮೆತ್ತಗೆ ಇದ್ದರೆ ಅದು ಬುಡ ಕೊಳೆ. ಬುಡ ಗಟ್ಟಿಯಾಗಿದ್ದು ಬೇರಿನ ತುದಿ ಒಣಗಿ ಮುರಿಯುವಂತಿದ್ದರೆ ನೀರು ಸಾಕಾಗಿಲ್ಲ. ಹಾಗೆಯೇ ಸಾಲಿನ ಪಕ್ಕ ಹಾರೆಯಲ್ಲಿ ಒಂದು ಗೇಣು ಆಳ ಅಗೆಯಿರಿ. ಎಲ್ಲಿಯವರೆಗೆ ತೇವ ಉಂಟು ಅಂತ ಹೇಳಿ.

ಹಿತ್ತಲ ಬೆಂಡೆ, ಮಣಿಪಾಲ
ನೋಡಿದೆ. ಬೆಂಡೆಯ ಬೇರು ಒಣಗಿದೆ. ಅಲಸಂಡೆ ಮಾತ್ರ ನೀವು ಹೇಳಿದ ಹಾಗೆ ನೂಲಿನಂತೆ ಆಗಿದೆ. ಮಣ್ಣು ಮೇಲೆ ಒಂದು ಇಂಚು ಒದ್ದೆ, ಅದರ ಕೆಳಗೆ ಒಳ್ಳೆ ಹುಡಿ. ಒಂದೇ ಸಾಲಿನಲ್ಲಿ ಎರಡೂ ಹೇಗೆ ಮಾರಾಯ್ರೆ?

ಕಟಪಾಡಿ ಗದ್ದೆ
ಚಿಮುಕಿಸಿದ ನೀರಿನದ್ದೇ ಕೆಲಸ. ಮೇಲಿನ ಇಂಚು ಮಾತ್ರ ಒದ್ದೆ, ಅದೂ ರಾತ್ರಿ ಇಡೀ. ಬುಡದಲ್ಲಿ ಶಿಲೀಂಧ್ರಕ್ಕೆ ಅಷ್ಟೇ ಸಾಕು. ಬೇರು ಇಳಿಯುವ ಕಡೆ ನೀರೇ ಇಲ್ಲ. ಬೀಜದ್ದು ತಪ್ಪಲ್ಲ. ನೀರು ಹಾಕುವುದಾದರೆ ಬೆಳಿಗ್ಗೆ ಹಾಕಿ, ಎರಡು ದಿನಕ್ಕೊಮ್ಮೆಯಾದರೂ ಸರಿ, ಗೇಣು ಆಳಕ್ಕೆ ಇಳಿಯುವಷ್ಟು ಹಾಕಿ. ಸಾಲಿನ ಮೇಲೆ ಒಣ ತರಗೆಲೆ ತೆಳ್ಳಗೆ ಹರಡಿ, ಬುಡಕ್ಕೆ ತಾಗದ ಹಾಗೆ.

ನಿಮಗೆ ಮೋಸ ಮಾಡಿದ್ದು ಆ ಸಂಜೆ ಮಳೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಏಳುತ್ತದೆ. ಗುಡುಗು, ಸಿಡಿಲು, ಒಂದು ಗಂಟೆ ಜೋರು ಮಳೆ. ಕಾದ ನೆಲದಲ್ಲಿ ಹರಿದು ಹೋಗುವುದೇ ಜಾಸ್ತಿ. ಮರುದಿನ ಬೆಳಿಗ್ಗೆ ಏನೂ ಆಗಲಿಲ್ಲ ಅನ್ನುವ ಹಾಗೆ ಬಿಸಿಲು. ಮುಂಗಾರು ಹಾಗಲ್ಲ. ಗಾಳಿ ಕಡಲ ಕಡೆಯಿಂದ ಬಿಡದೆ ಬೀಸುತ್ತದೆ, ಬೆಳಗಿನ ಜಾವವೂ ಮಳೆ ಬರುತ್ತದೆ, ಗುಡುಗು ಕಡಿಮೆಯಾಗುತ್ತದೆ. ಈ ಪಡುಗಾಳಿ ಬಿಡದೆ ಬೀಸಿ, ಎರಡು ಮೂರು ದಿನ ಬೆಳಿಗ್ಗೆಯೂ ಮಳೆ ಬಂದು, ಗೇಣು ಆಳ ತೇವ ಸಿಕ್ಕಿದರೆ ಬೀಜ ತೆಗೆಯಿರಿ.

ಸುರತ್ಕಲ್ ಟೆರೇಸ್
ಇಷ್ಟೆಲ್ಲ ಯಾಕೆ? ನಮ್ಮ ಅಜ್ಜಿ ಪತ್ತನಾಜೆಗೆ ಬಿತ್ತುತ್ತಿದ್ದರು. ತುಳು ತಿಂಗಳು ಬೇಶದ ಹತ್ತು, ಅಂದರೆ ಮೇ 24ರ ಸುಮಾರಿಗೆ. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರು, ನಾವು ಬೀಜ ಹಾಕಿದೆವು. ಲೆಕ್ಕ ಮುಗಿಯಿತು.

ಪಡುಬಿದ್ರಿ ಗಾಳಿ
ಅಜ್ಜಿಯ ಲೆಕ್ಕ ಸುಳ್ಳಲ್ಲ, ಆದರೆ ಮಳೆಗೆ ಪಂಚಾಂಗ ಗೊತ್ತಿಲ್ಲ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಪತ್ತನಾಜೆಗೆ ಸರಿಯಾಗಿ. 2023ರಲ್ಲಿ ಬಂದದ್ದು ಜೂನ್ 8ಕ್ಕೆ. ಆ ವರ್ಷ ಪತ್ತನಾಜೆಗೆ ಬಿತ್ತಿದವರು ಎರಡು ವಾರ ಬಾವಿಯಿಂದ ನೀರು ಎಳೆಯಬೇಕಿತ್ತು. 2021 ಇನ್ನೂ ಮಜಾ. ಮೇ ನಡುವಿಗೆ ತೌಕ್ತೆ ಚಂಡಮಾರುತ ಬಂದು ಕರಾವಳಿ ಇಡೀ ತೋಯಿಸಿತು. ಗಾಳಿಯೂ ಕಡಲದ್ದೇ, ಮಳೆಯೂ ಹಗಲು ರಾತ್ರಿ. ಅದು ಮುಂಗಾರು ಅಲ್ಲವೇ ಅಲ್ಲ. ಮುಂಗಾರು ಕೇರಳ ಮುಟ್ಟಿದ್ದು ಜೂನ್ 3ಕ್ಕೆ. ಅಂದರೆ ಕಟಪಾಡಿಯವರ ಗುರುತೂ ಚಂಡಮಾರುತದ ಮುಂದೆ ನಡೆಯುವುದಿಲ್ಲ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಉಂಟು ಅಂತ ಸುದ್ದಿ ಇದ್ದರೆ ಅದು ದಾಟುವವರೆಗೆ ಕಾಯಿರಿ.

ಕೇರಳಕ್ಕೆ ಮುಂಗಾರು ಬಂತು ಅನ್ನುವ ಹವಾಮಾನ ಇಲಾಖೆಯ ಘೋಷಣೆ ನೋಡಿ, ಅದು ಸುಮ್ನೆ ಹೇಳುವುದಲ್ಲ. ಮೇ 10ರ ನಂತರ 14 ಮಳೆ ಕೇಂದ್ರಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಜಾಸ್ತಿ ಮಳೆ ಆಗಬೇಕು. ಪಡುಗಾಳಿಯ ಎತ್ತರ, ವೇಗ, ಮೋಡದ ದಪ್ಪ ಕೂಡ ಹೊಂದಬೇಕು. ಹೆಸರಿಗೆ ಕೇರಳದ ಮುಂಗಾರು, ಆದರೆ ಆ 14ರಲ್ಲಿ ನಮ್ಮ ಮಂಗಳೂರೂ ಒಂದು! ಕೇರಳ ಮುಟ್ಟಿದ ಮೇಲೆ ಇಲ್ಲಿಗೆ ಸಾಮಾನ್ಯವಾಗಿ ಕೆಲವೇ ದಿನ.

ಸುರತ್ಕಲ್ ಟೆರೇಸ್
ಸರಿ, ಅಜ್ಜಿಗೆ ಬಾವಿಯೂ ಇತ್ತು, ನೀರು ಎಳೆಯಲು ನಾವೂ ಇದ್ದೆವು 😄 ಆದರೆ ಜೂನ್ ಅಂತ ಕಾಯುತ್ತಾ ಕೂತರೆ ಅಷ್ಟಮಿಗೆ ಬೆಂಡೆ ಸಿಗುವುದಾ?

ಕಟಪಾಡಿ ಗದ್ದೆ
ಧಾರಾಳ ಸಿಗುತ್ತದೆ. ಬೆಂಡೆ ಬಿತ್ತಿ 50 ದಿನದ ಆಸುಪಾಸು ಕಾಯಿ ಬರುತ್ತದೆ, ಹೀರೆಗೆ ಇನ್ನೊಂದು ವಾರ ಸೇರಿಸಿ. ಜೂನ್ 5ಕ್ಕೆ ಹಾಕಿದರೂ ಜುಲೈ ಕೊನೆಗೆ ಮೊದಲ ಕಾಯಿ. ಅಷ್ಟಮಿ, ಚೌತಿ ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಊರ ಬೆಂಡೆ ರಾಶಿ ಬಿಡುವುದೇ ಆಗ. ಒಂದು ವಾರ ತಡವಾದರೆ ಏನೂ ಹೋಗುವುದಿಲ್ಲ, ಬೇಗ ಹಾಕಿದರೆ ಬೀಜವೇ ಹೋಗುತ್ತದೆ. ಹಾಗಂತ ಜೂನ್ ಕೊನೆಯವರೆಗೆ ಎಳೆಯಬೇಡಿ. ನಮ್ಮಲ್ಲಿ ವರ್ಷದ ಮಳೆಯ ಅರ್ಧಕ್ಕಿಂತ ಜಾಸ್ತಿ ಜೂನ್, ಜುಲೈಯಲ್ಲೇ ಸುರಿಯುತ್ತದೆ. ಅಷ್ಟರೊಳಗೆ ಬೇರು ಹಿಡಿಯದ ಸಸಿ ತೊಳೆದು ಹೋಗುತ್ತದೆ. ಸಾಲು ಏರಿಸಿ ಮಾಡಿ, ನೀರು ಎರಡೂ ಬದಿಗೆ ಹರಿದು ಹೋಗಬೇಕು.

ಅವಸರ ತಡೆಯದಿದ್ದರೆ ಹೀರೆ, ಬೆಂಡೆ ಬೀಜ ಈಗಲೇ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಜಗಲಿಯ ಅಂಚಿಗೆ ಇಡಿ. ಬೆಳಗಿನ ಬಿಸಿಲು ಸಾಕು. ಮಳೆ ಹಿಡಿದ ಮೇಲೆ ಬೇರು ಅಲುಗದ ಹಾಗೆ ನೆಲಕ್ಕೆ ಇಳಿಸಿ. ಅಲಸಂಡೆಗೆ ಅದು ಬೇಡ, ನೇರ ಬಿತ್ತಿ. ಆದರೆ ಕೊಳೆ ಬಂದ ಆ ಸಾಲಿನಲ್ಲಿ ಅಲ್ಲ, ಬೇರೆ ಕಡೆ. ಬೀಜಕ್ಕೆ ಟ್ರೈಕೋಡರ್ಮಾ (ಕೊಳೆ ತಡೆಯುವ ಒಳ್ಳೆ ಶಿಲೀಂಧ್ರ) ಹುಡಿ ಹಚ್ಚಿದರೆ ಒಳ್ಳೆಯದು.

ಹಿತ್ತಲ ಬೆಂಡೆ, ಮಣಿಪಾಲ
ಗೊತ್ತಾಯಿತು, ತೊಟ್ಟೆ ತುಂಬಿಸಿ ಆಯಿತು. ಮತ್ತೆ ಹರಿವೆ? ಅದು ಯಾಕೆ ಹುಟ್ಟಲಿಲ್ಲ?

ಪಡುಬಿದ್ರಿ ಗಾಳಿ
ಅದು ಬೇರೆಯೇ ಕತೆ. ಬಿತ್ತಿದ ಮರುದಿನ ಬೆಳಿಗ್ಗೆ ಮಡಿ ನೋಡಿದ್ದರೆ ಇರುವೆ ಸಾಲು ಕಾಣುತ್ತಿತ್ತು. ಸಣ್ಣ ಬೀಜ, ಸಾಗಿಸಿಬಿಡುತ್ತವೆ. ಬೀಜಕ್ಕೆ ಒಂದು ಮುಷ್ಟಿ ರವೆ ಸೇರಿಸಿ ಬಿತ್ತಿ, ಇರುವೆಗಳು ರವೆ ಹೊರುವುದರಲ್ಲೇ ಬ್ಯುಸಿ ಆಗುತ್ತವೆ. ಹರಿವೆಗೆ ಮಾತ್ರ ಮುಂಗಾರು ಕಾಯಬೇಡಿ. ಜೋರು ಹನಿ ಬಿದ್ದರೆ ಎಳೆ ಹರಿವೆ ಮಣ್ಣಿಗೆ ಮಲಗುತ್ತದೆ. ಮಾಡಿನ ಅಡಿಯಲ್ಲಿ ಹನಿ ಬೀಳದ ಜಾಗ ಇದ್ದರೆ ಒಂದು ಕುಂಡದಲ್ಲಿ ಈಗಲೇ ಹಾಕಿ. ಇಲ್ಲದಿದ್ದರೆ ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಗೆ.