‘ಫ್ಲವರ್’ ಅಂದರೆ ನದಿ: ಇದು ಜಾಣತನವೋ, ಮೋಸವೋ?

ಅಡ್ಡಸಾಲು:
ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧ, ಅಂದರೆ ಒಗಟಿನಂಥ ಕ್ಲೂಗಳ ಪದಬಂಧ ಬಿಡಿಸುವವರಿಗೆ ಒಂದು ಪ್ರಶ್ನೆ. ಕ್ಲೂ ಹೀಗಿದೆ: ‘ಫ್ಲವರ್ ಆಫ್ ಲಂಡನ್?’ ಆರು ಅಕ್ಷರ. ಮೂರನೇ ಮನೆಯಲ್ಲಿ ‘ಎ’, ಐದನೇ ಮನೆಯಲ್ಲಿ ‘ಇ’ ಆಗಲೇ ಬಂದು ಕೂತಿವೆ. ‘ಅಜೇಲಿಯಾ’ ಹೂವು ಅಚ್ಚುಕಟ್ಟಾಗಿ ಹೊಂದುತ್ತದೆ: ಎ, ಝಡ್, ಎ, ಎಲ್, ಇ, ಎ. ಆದರೆ ಉತ್ತರ ‘ಥೇಮ್ಸ್’ ಅಂತೆ! ‘ಫ್ಲೋ’ ಅಂದರೆ ಹರಿಯುವುದು, ಹರಿಯುವಂಥದ್ದು ‘ಫ್ಲೋಯರ್’, ಎರಡರ ಸ್ಪೆಲಿಂಗೂ ಒಂದೇ, ಹಾಗಾಗಿ ನದಿ. ನದಿಯನ್ನು ಯಾರಾದರೂ ಹಾಗೆ ಕರೆದಿದ್ದು ಕೇಳಿದ್ದೀರಾ? ಕಷ್ಟದ ಪದ ಕೇಳಲಿ, ಒಪ್ಪುತ್ತೇನೆ. ಒಂದನೇ ಕ್ಲಾಸಿನ ಪದ ಕೊಟ್ಟು ಟೋಪಿ ಹಾಕುವುದು ಸರಿಯಾ?

ಪೆನ್ಸಿಲ್‌ರಾಣಿ:
ಅಜೇಲಿಯಾ ಹೊಂದುತ್ತದೆ, ನಿಜ. ಆದರೆ ಆಗ ‘ಲಂಡನ್’ಗೆ ಏನು ಕೆಲಸ? ಕ್ಲೂನಲ್ಲಿ ಒಂದು ಪದ ಸುಮ್ನೆ ಕೂತಿದೆ ಅನ್ನಿಸಿದರೆ ಉತ್ತರ ಇನ್ನೂ ಸಿಕ್ಕಿಲ್ಲ ಅಂತಲೇ ಲೆಕ್ಕ. ಅದೂ ಅಲ್ಲದೆ ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇದೆ. ‘ಇಲ್ಲಿ ಏನೋ ಚೇಷ್ಟೆ ಮಾಡಿದ್ದೇನೆ, ಹುಷಾರು’ ಅಂತ ಬರೆದವರೇ ಹೇಳಿದ ಹಾಗಾಯ್ತು. ಇನ್ನೇನು ಬೇಕು?

ನೇರಮಾತು:
ನಾನು ಅಡ್ಡಸಾಲು ಅವರ ಕಡೆ. ‘ಫ್ಲವರ್’ ನದಿ. ‘ಬ್ಯಾಂಕರ್’ ಕೂಡ ನದಿ, ಯಾಕಂದ್ರೆ ‘ಬ್ಯಾಂಕ್’ ಅಂದರೆ ದಡ, ನದಿಗೆ ದಡ ಇದೆ. ಮೊದಲ ಸಲ ನಗು ಬರುತ್ತದೆ. ಆಮೇಲೆ ಅದು ಬರೀ ಬಾಯಿಪಾಠ. ಹಳಬರು ‘ಫ್ಲವರ್’ ಕಂಡ ಕೂಡಲೇ ನದಿಗಳ ಪಟ್ಟಿ ಹುಡುಕುತ್ತಾರೆ, ಹೊಸಬರು ಹೂವುಗಳ ಪಟ್ಟಿಯಲ್ಲೇ ಸುತ್ತುತ್ತಾರೆ. ಇದರಲ್ಲಿ ಬುದ್ಧಿವಂತಿಕೆ ಎಲ್ಲಿದೆ? ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಮೊದಲ ಪದಬಂಧ ಹಾಕಿದಾಗ ಈ ಗಿಮಿಕ್ ಯಾವುದೂ ಇರಲಿಲ್ಲ. ಅರ್ಥ ಕೊಡು, ಪದ ಹೇಳು. ಅಷ್ಟೇ.

ನಿಘಂಟುಪ್ರೇಮಿ:
ಆ ಮೊದಲ ಪದಬಂಧ ಚೌಕವೂ ಆಗಿರಲಿಲ್ಲ ಬಿಡಿ, ವಜ್ರದ ಆಕಾರದಲ್ಲಿತ್ತು. ಇಡೀ ಪದಬಂಧವನ್ನೇ ಒಗಟಿನ ಕ್ಲೂಗಳಿಂದ ತುಂಬುವ ಚಾಳಿ ಬಂದಿದ್ದು ಬ್ರಿಟನ್ನಿನಲ್ಲಿ, ‘ಟಾರ್ಕೆಮಾಡ’ ಅನ್ನುವ ಹೆಸರಿಟ್ಟುಕೊಂಡವರಿಂದ. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಬರೆಯುತ್ತಿದ್ದರು.

ಆದರೆ ತಪ್ಪು ಬರೆಯುವವರದ್ದಲ್ಲ, ಇಂಗ್ಲಿಷಿನದ್ದು. ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಪದಕ್ಕೆ 430 ಅರ್ಥ. ಈಗ ‘ರನ್’ ಅದನ್ನೂ ಮೀರಿಸಿದೆ, ಕ್ರಿಯಾಪದವಾಗಿಯೇ 645. ಇಂಥ ಭಾಷೆಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇಟ್ಟುಕೊಂಡು ಕೂತರೆ ಹೇಗೆ?

ಕಪ್ಪುಚೌಕ:
ಆ 645 ಲೆಕ್ಕ ಕೇಳೋಕೆ ಚೆನ್ನಾಗಿದೆ, ಆದರೆ ಪದಬಂಧಕ್ಕೆ ಉಪಯೋಗ ಇಲ್ಲ. ಅದರಲ್ಲಿ ಮುಕ್ಕಾಲು ಪಾಲು ಒಂದರ ಪಕ್ಕ ಒಂದು ನಿಂತ ಸಣ್ಣ ಸಣ್ಣ ಛಾಯೆಗಳು. ಕ್ಲೂ ಬರೆಯುವವರಿಗೆ ಬೇಕಾಗಿದ್ದು ದೂರ ದೂರ ನಿಂತ ಅರ್ಥಗಳು. ‘ರನ್’ನಲ್ಲಿ ಅಂಥವು ಬೆರಳೆಣಿಕೆಯಷ್ಟು: ಓಡು, ನಡೆಸು, ಚುನಾವಣೆಗೆ ನಿಲ್ಲು, ಬಟ್ಟೆಯ ಬಣ್ಣ ಬಿಡು, ಕದ್ದು ಸಾಗಿಸು, ಕಾಲುಚೀಲ ಹರಿದು ಬಿಡುವ ಗೆರೆ. ಈ ಕೊನೆಯದಕ್ಕೆ ಬ್ರಿಟನ್ನಿನವರು ‘ಲ್ಯಾಡರ್’ ಅನ್ನುತ್ತಾರೆ. ಹಾಗಾಗಿ ‘ರನ್’ ಕ್ಲೂಗೆ ಏಣಿ ಉತ್ತರ ಆಗಬಹುದು. ಕ್ರಿಕೆಟ್ ಸ್ಕೋರ್ ಪಟ್ಟಿಯಿಂದ ಬರೀ ‘ಆರ್’ ಅಕ್ಷರವೂ ಆಗಬಹುದು.

ಪೆನ್ಸಿಲ್‌ರಾಣಿ:
ಒಂದು ತಮಾಷೆ ಗಮನಿಸಿದಿರಾ? ಈ ಚರ್ಚೆಯನ್ನು ಕನ್ನಡದಲ್ಲಿ ಬರೆದ ಕೂಡಲೇ ಅರ್ಧ ಗುಟ್ಟು ರಟ್ಟಾಗುತ್ತದೆ! ಇಂಗ್ಲಿಷಿನಲ್ಲಿ ಒಂದೇ ಸ್ಪೆಲಿಂಗ್. ನಮ್ಮ ಅಕ್ಷರದಲ್ಲಿ ‘ಫ್ಲವರ್’ ಬೇರೆ, ‘ಫ್ಲೋಯರ್’ ಬೇರೆ. ‘ಟವರ್’ ಗೋಪುರ, ‘ಟೋಯರ್’ ಎಳೆದುಕೊಂಡು ಹೋಗುವವನು. ‘ನಂಬರ್’ ಸಂಖ್ಯೆ, ‘ನಮ್ಮರ್’ ಮರಗಟ್ಟಿಸುವ ಔಷಧಿ. ‘ಮಿನಿಟ್’ ನಿಮಿಷ, ‘ಮೈನ್ಯೂಟ್’ ಪುಟ್ಟದು. ‘ಲೀಡ್’ ಮುಂದಾಳುತನ, ‘ಲೆಡ್’ ಸೀಸ, ಅಂದರೆ ರಸಾಯನಶಾಸ್ತ್ರದ ಸಂಕೇತದಲ್ಲಿ ‘ಪಿಬಿ’. ನಾವು ಓದುವಾಗ ಮನಸ್ಸಿನಲ್ಲೇ ಉಚ್ಚಾರ ಮಾಡಿಬಿಡುತ್ತೇವೆ. ಆ ಉಚ್ಚಾರ ಕಿವಿಗೆ ಬಿದ್ದ ಮೇಲೆ ಇನ್ನೊಂದು ಅರ್ಥ ಹತ್ತಿರ ಸುಳಿಯಲ್ಲ.

ಅಡ್ಡಸಾಲು:
ಚೆನ್ನಾಗಿದೆ, ಆದರೆ ‘ಬಟರ್’ಗೆ ಏನಂತೀರಿ? ‘ಬಟ್’ ಅಂದರೆ ತಲೆಯಿಂದ ಗುದ್ದು, ಗುದ್ದುವಂಥದ್ದು ಟಗರು ಅಥವಾ ಮೇಕೆ. ಇಲ್ಲಿ ಉಚ್ಚಾರವೂ ಬದಲಾಗಲ್ಲ. ಬೆಣ್ಣೆ ನೋಡಿ ಮೇಕೆ ನೆನೆಸಿಕೊಳ್ಳಬೇಕು!

ನಿಘಂಟುಪ್ರೇಮಿ:
ನಮ್ಮಲ್ಲೂ ಕಮ್ಮಿ ಇಲ್ಲ ಸ್ವಾಮಿ. ಏಳು, ಆರು, ಹತ್ತು. ಮೂರೂ ಸಂಖ್ಯೆ, ಮೂರೂ ಕ್ರಿಯಾಪದ.

ಕಪ್ಪುಚೌಕ:
ಇದೆ, ಆದರೆ ಬಾಳಲ್ಲ. ವಾಕ್ಯಕ್ಕೆ ಹಾಕಿದ ಕೂಡಲೇ ಪ್ರತ್ಯಯ ಬಂದು ಬಾಯಿ ಬಿಡಿಸುತ್ತದೆ. ‘ಹತ್ತರ’ ಅಂದರೆ ಸಂಖ್ಯೆ, ‘ಹತ್ತಿದ’ ಅಂದರೆ ಕ್ರಿಯೆ. ಇಂಗ್ಲಿಷಿನಲ್ಲಿ ಪ್ರತ್ಯಯ ಕಡಿಮೆ, ಹಾಗಾಗಿ ಪದ ವಾಕ್ಯದ ಕೊನೆಯವರೆಗೂ ಮುಖವಾಡ ಹಾಕಿಕೊಂಡೇ ಇರಬಹುದು. ನನ್ನದೇ ಒಂದು ಕ್ಲೂ ಕೊಡುತ್ತೇನೆ:

‘ಡಾಕ್ಟರ್ ನೋಟ್ಸ್ ರಾಕ್’, ಐದು ಅಕ್ಷರ.

ಸುಮ್ನೆ ಓದಿದರೆ ‘ವೈದ್ಯರು ಬಂಡೆಯನ್ನು ಗಮನಿಸುತ್ತಾರೆ’. ಈಗ ಬಿಚ್ಚಿ ನೋಡಿ. ‘ಡಾಕ್ಟರ್’ ಇಲ್ಲಿ ವೈದ್ಯ ಅಲ್ಲ, ಕ್ರಿಯಾಪದ: ತಿದ್ದು, ಕಲಬೆರಕೆ ಮಾಡು. ಲೆಕ್ಕಪತ್ರವನ್ನು ‘ಡಾಕ್ಟರ್’ ಮಾಡಿದರು ಅಂತ ಇಂಗ್ಲಿಷಿನಲ್ಲಿ ಹೇಳುತ್ತಾರಲ್ವಾ, ಅದೇ. ‘ನೋಟ್ಸ್’ ಗಮನಿಸುವುದಲ್ಲ, ಕಲಸಬೇಕಾದ ಸರಕು. ಎನ್, ಓ, ಟಿ, ಇ, ಎಸ್ ಅಕ್ಷರಗಳನ್ನು ಕಲಸಿದರೆ ‘ಸ್ಟೋನ್’. ‘ರಾಕ್’ ಅದರ ಅರ್ಥ. ಮೇಲಿನ ಓದಿನಲ್ಲಿ ನಾಮಪದ, ಕ್ರಿಯಾಪದ, ನಾಮಪದ. ಒಳಗಿನ ಓದಿನಲ್ಲಿ ಆಜ್ಞೆ, ಸರಕು, ಅರ್ಥ. ಕಷ್ಟದ ಪದ ಒಂದೂ ಇಲ್ಲ.

ನೇರಮಾತು:
ತಡೆಯಿರಿ. ‘ರಾಕ್’ ಅಂದರೆ ಅಲ್ಲಾಡಿಸು ಅಂತಲೂ ಇದೆ. ಹಾಗಾದರೆ ಅದೂ ‘ಕಲಸು’ ಅನ್ನುವ ಸೂಚನೆ ಆಗಬಹುದಲ್ವಾ? ಆಗ ಅರ್ಥ ಕೊಡುವ ಪದ ‘ಡಾಕ್ಟರ್’ ಆಗುತ್ತದೆ. ನಿಮ್ಮ ಕ್ಲೂಗೆ ಎರಡು ದಾರಿ ಆಯ್ತು.

ಕಪ್ಪುಚೌಕ:
ಒಳ್ಳೆ ಪಟ್ಟು! ಆದರೆ ಎರಡನೇ ದಾರಿ ಮುಂದೆ ಮುಚ್ಚಿದೆ. ಆ ಐದು ಅಕ್ಷರ ಕಲಸಿದರೆ ‘ಸ್ಟೋನ್’, ‘ಟೋನ್ಸ್’, ‘ಆನ್‌ಸೆಟ್’ ಬರುತ್ತವೆ. ಯಾವುದಕ್ಕೂ ವೈದ್ಯ ಅನ್ನುವ ಅರ್ಥ ಇಲ್ಲ. ಬಂಡೆಗೆ ಒಂದೇ ಒಂದು ಸರಿಹೊಂದುತ್ತದೆ. ಕ್ಲೂ ಎರಡು ಕಡೆ ತೋರಿಸಬಹುದು, ಉತ್ತರ ಒಂದೇ ಇರಬೇಕು.

ನ್ಯಾಯ ಯಾವುದು ಅಂತ ಕೇಳಿದ್ದಿರಿ. ‘ಆಫ್ರಿಟ್’ ಅನ್ನುವ ಹೆಸರಲ್ಲಿ ಪದಬಂಧ ಬರೆಯುತ್ತಿದ್ದವರು 1949ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಕ್ಲೂ ಬರೆಯುವವನು ಹೇಳುತ್ತಿರುವಂತೆ ಕಾಣುವುದೇ ಅವನ ಮನಸ್ಸಿನಲ್ಲಿ ಇರಬೇಕಿಲ್ಲ, ಆದರೆ ಮನಸ್ಸಿನಲ್ಲಿ ಇರುವುದನ್ನು ಅವನು ಹೇಳಿರಲೇಬೇಕು. ‘ಫ್ಲವರ್’ ಕ್ಲೂ ಈ ಸೂತ್ರಕ್ಕೆ ಪಾಸ್. ಹರಿಯುವಂಥದ್ದು ಅಂತ ಅಕ್ಷರಶಃ ಹೇಳಿದೆ.

ನಿಘಂಟುಪ್ರೇಮಿ:
ಕ್ಯಾಪಿಟಲ್ ಅಕ್ಷರದ ನಿಯಮವನ್ನೂ ಹೇಳಿ. ಅದೇ ನನಗೆ ಇಷ್ಟ.

ಕಪ್ಪುಚೌಕ:
‘ಕ್ಸಿಮೆನೀಸ್’ ಅನ್ನುವ ಹೆಸರಲ್ಲಿ ಪದಬಂಧ ಬರೆಯುತ್ತಿದ್ದವರು 1966ರ ಪುಸ್ತಕದಲ್ಲಿ ನಿಯಮಗಳನ್ನು ಬಿಗಿ ಮಾಡಿದರು. ಅವರ ದಾರಿ ಹಿಡಿದವರು ಬೇಡದ ಕಡೆ ಕ್ಯಾಪಿಟಲ್ ಸೇರಿಸುತ್ತಾರೆ, ಬೇಕಾದ ಕಡೆ ತೆಗೆಯಲ್ಲ. ‘ಪಾಲಿಷ್’, ‘ಪೋಲಿಷ್’ ಎರಡರ ಸ್ಪೆಲಿಂಗೂ ಒಂದೇ. ಶೂ ಪಾಲಿಷ್ ಅನ್ನು ದೊಡ್ಡಕ್ಷರದಲ್ಲಿ ಬರೆದು ಪೋಲೆಂಡಿನವರಂತೆ ತೋರಿಸಬಹುದು. ಪೋಲೆಂಡಿನವರನ್ನು ಚಿಕ್ಕಕ್ಷರದಲ್ಲಿ ಬರೆದು ಶೂ ಪಾಲಿಷ್ ಮಾಡುವ ಹಾಗಿಲ್ಲ. ಅದಕ್ಕೇ ಜಾಣರು ಇಂಥ ಪದವನ್ನು ಕ್ಲೂನ ಮೊದಲಿಗೇ ಇಡುತ್ತಾರೆ. ಅಲ್ಲಿ ಕ್ಯಾಪಿಟಲ್ ಹೇಗೂ ಬರಲೇಬೇಕು, ಯಾರಿಗೂ ಅನುಮಾನ ಬರಲ್ಲ. ಫ್ರಾನ್ಸಿನ ನೀಸ್ ಊರು ಹೀಗೆ ‘ನೈಸ್’ ಆಗಿ ಎಷ್ಟು ಸಲ ಬಂದಿದೆಯೋ!

ನೇರಮಾತು:
ವ್ಯಾಕರಣದ ಆಟ ಒಪ್ಪಿದೆ, ‘ಡಾಕ್ಟರ್ ನೋಟ್ಸ್’ ನಿಜಕ್ಕೂ ಚೆನ್ನಾಗಿದೆ. ನನ್ನ ಜಗಳ ತುಂಡು ಸಂಕೇತಗಳ ಮೇಲೆ, ಅಂದರೆ ಕ್ಲೂನ ಒಂದು ಪದ ಉತ್ತರದ ಒಂದೆರಡು ಅಕ್ಷರವನ್ನೋ ಒಂದು ತುಂಡನ್ನೋ ಸೂಚಿಸುವುದು. ‘ಸೇಲರ್’ ಬಂದರೆ ‘ಎಬಿ’ (ಏಬಲ್ ಸೀಮನ್), ‘ಟಾರ್’, ‘ಸಾಲ್ಟ್’, ‘ಜ್ಯಾಕ್’, ಯಾವುದು ಬೇಕಾದರೂ ಆಗಬಹುದು. ‘ಮಾಡೆಲ್’ ಬಂದರೆ ‘ಟಿ’, ಏಕೆಂದರೆ ಫೋರ್ಡ್ ಮಾಡೆಲ್ ಟಿ. ಆ ಕಾರು ತಯಾರಾಗಿದ್ದು 1908ರಿಂದ 1927ರವರೆಗೆ! ಕಾರು ನಿಂತು ನೂರು ವರ್ಷ ಆಗುತ್ತಾ ಬಂತು, ಪದಬಂಧದಲ್ಲಿ ಇನ್ನೂ ಓಡುತ್ತಿದೆ. ಇದಕ್ಕಿಂತ ಅಮೆರಿಕದ ಪದಬಂಧವೇ ವಾಸಿ.

ಪೆನ್ಸಿಲ್‌ರಾಣಿ:
ಅಮೆರಿಕದವರು ಸಾಧುಗಳು ಅಂದುಕೊಂಡಿರಾ? ‘ಬ್ಯಾಂಕ್ ಡೆಪಾಸಿಟ್?’, ನಾಲ್ಕು ಅಕ್ಷರ. ಉತ್ತರ ‘ಸಿಲ್ಟ್’, ನದಿಯ ದಡದ ಹೂಳು. ಅಲ್ಲೂ ಅದೇ ದಡ, ಅದೇ ಪ್ರಶ್ನೆ ಚಿಹ್ನೆ. ಅಕ್ಷರ ಕಲಸುವ ಕೆಲಸ ಅಲ್ಲಿ ಇಲ್ಲ ಅಷ್ಟೇ.

ಇನ್ನು ಸಂಕೇತಗಳ ವಿಷಯ. ‘ಡಕ್’ ಅಂದರೆ ‘ಓ’, ‘ಮೇಡನ್’ ಅಂದರೆ ‘ಎಮ್’, ‘ಆನ್’ ಅಂದರೆ ‘ಲೆಗ್’. ಕ್ರಿಕೆಟ್ ನೋಡುವವರಿಗೆ ಇದೆಲ್ಲ ಪುಕ್ಕಟೆ. ಅಮೆರಿಕದವರು ಇಲ್ಲೇ ತಲೆ ಕೆರೆದುಕೊಳ್ಳುತ್ತಾರೆ. ಯಾರಿಗೋ ಸುಲಭ, ಯಾರಿಗೋ ಕಷ್ಟ. ಪಟ್ಟಿ ಗೊತ್ತಿದ್ದರೂ ಪಟ್ಟಿಯಲ್ಲಿ ಯಾವುದು ಅಂತ ಆರಿಸಬೇಕಲ್ಲ, ಅಲ್ಲೇ ಕೆಲಸ ಇರುವುದು.

ನೇರಮಾತು:
ಆರಿಸುವುದು ಕೆಲಸ ಅಂತ ನೀವು ಹೇಳಿ. ನನಗದು ಗುಮಾಸ್ತಗಿರಿ.

ಅಡ್ಡಸಾಲು:
ನನ್ನ ಕ್ಲೂಗೇ ವಾಪಸ್ ಬರೋಣ. ‘ಲಂಡನ್’ ಕೆಲಸ ಮಾಡುತ್ತಿಲ್ಲ ಅನ್ನುವ ಮಾತು ಸರಿ, ಅದನ್ನು ಒಪ್ಪಿದೆ. ಆದರೆ ಮೂರು, ಐದನೇ ಮನೆಗಳಲ್ಲಿ ಹೂವಿನ ಹೆಸರಿಗೂ ಸರಿಯಾಗಿ ಜಾಗ ಬಿಟ್ಟಿದ್ದು ಕಾಕತಾಳೀಯವಾ? ನನಗಂತೂ ಬೇಕೆಂದೇ ಮಾಡಿದ್ದು ಅನ್ನಿಸುತ್ತದೆ.

ಕಪ್ಪುಚೌಕ:
ಬೇಕೆಂದೇ ಮಾಡಿದ್ದರೆ ಅವರಿಗೊಂದು ಸಲಾಂ. ಮೊದಲ ಮನೆಯ ಅಕ್ಷರ ಮೇಲಿನಿಂದ ಕೆಳಗೆ ಬರುವ ಪದದಿಂದ ‘ಟಿ’ ಅಂತ ಸಿಗುತ್ತಿತ್ತು, ಅಲ್ಲಿಗೆ ಅಜೇಲಿಯಾ ಬಾಡಿಹೋಗುತ್ತಿತ್ತು. ಇರಲಿ, ಇದನ್ನು ಬಿಡಿಸಿ: ‘ನಂಬರ್ ಯೂಸ್ಡ್ ಇನ್ ಓಲ್ಡ್ ಸರ್ಜರಿ’, ಐದು ಅಕ್ಷರ.

ನಿಘಂಟುಪ್ರೇಮಿ:
‘ಥ್ರೀ’, ‘ಸೆವೆನ್’, ‘ಎಯ್ಟ್’ ಎಲ್ಲಕ್ಕೂ ಐದೇ ಅಕ್ಷರ. ಬರೆದವರು ಕಿಲಾಡಿ!

ಅಡ್ಡಸಾಲು:
‘ಈಥರ್’. 1846ರಲ್ಲಿ ಬಾಸ್ಟನ್ನಿನಲ್ಲಿ ಎಲ್ಲರೆದುರು ಈಥರ್ ಕೊಟ್ಟು ಆಪರೇಷನ್ ಮಾಡಿದ್ದರಲ್ಲ, ಅದೇ ‘ಓಲ್ಡ್ ಸರ್ಜರಿ’. ಆದರೆ ‘ನಮ್ಮರ್’ ಅಂತ ಪೆನ್ಸಿಲ್‌ರಾಣಿ ಮೇಲೇ ಹೇಳಿಬಿಟ್ಟಿದ್ದಾರೆ. ಇದೂ ಒಂದು ಕ್ಲೂನಾ? ಬೇರೆ ಕೊಡಿ.