ಕಡಲೆಕಾಯಿ ಅಲರ್ಜಿ ಇರುವ ಮಗುವಿನ ಜೊತೆ ವಿಮಾನ ಹತ್ತಿದವರು ಅನುಭವ ಹೇಳಿ

ಬೆಂಗಳೂರಿನಿಂದ ಪ್ರಶ್ನೆ:
ಮುಂದಿನ ತಿಂಗಳು ಲಂಡನ್‌ಗೆ ಹೊರಟಿದ್ದೇವೆ. ಆರು ವರ್ಷದ ಮಗನಿಗೆ ಕಡಲೆಕಾಯಿ, ಗೋಡಂಬಿ ಎರಡೂ ಆಗುವುದಿಲ್ಲ. ಒಮ್ಮೆ ಉಸಿರು ಕಟ್ಟಿ ಐಸಿಯು ಸೇರಿದ್ದ. ಹತ್ತು ಗಂಟೆಗೂ ಜಾಸ್ತಿ ಹೊತ್ತಿನ ಪ್ರಯಾಣ, ತುಂಬಾ ಭಯವಾಗಿದೆ. ನೀವು ಹೇಗೆ ನಿಭಾಯಿಸಿದಿರಿ?

ಮೈಸೂರಿನಿಂದ:
ನನ್ನ ಮಗಳಿಗೂ ಗೋಡಂಬಿ ಅಲರ್ಜಿ. ನನ್ನ ಮಾತು ಕೇಳಿ, ವಿಮಾನದ ಊಟ ಕೊಡಲೇಬೇಡಿ. ನಾವು ಮೊದಲೇ ಫೋನ್ ಮಾಡಿ ಹೇಳಿದ್ದೆವು. ಆದರೂ ಬಂದದ್ದು ಪನ್ನೀರ್ ಗ್ರೇವಿ. ಅದರಲ್ಲಿ ಏನೇನಿದೆ ಎಂದು ಬಡಿಸಿದವರಿಗೂ ಗೊತ್ತಿರಲಿಲ್ಲ. ಬಿಳಿ ಗ್ರೇವಿ ಅಂದರೆ ಗೋಡಂಬಿ ರುಬ್ಬಿ ಹಾಕುವುದೇ ಜಾಸ್ತಿ ಅಲ್ವಾ? ಈಗ ಮನೆಯಿಂದಲೇ ಚಪಾತಿ, ಒಣ ಪಲ್ಯ, ಇಡ್ಲಿ ಒಯ್ಯುತ್ತೇವೆ. ಚಟ್ನಿ, ಮೊಸರು ಬೇಡ, ತಪಾಸಣೆಯಲ್ಲಿ ತೆಗೆಸುತ್ತಾರೆ.

ಕೂರುವ ಮೊದಲು ಟ್ರೇ, ಸೀಟಿನ ಕೈ, ಬೆಲ್ಟಿನ ಬಕಲ್ ಎಲ್ಲವನ್ನೂ ಒದ್ದೆ ವೈಪ್ಸ್‌ನಿಂದ ಒರೆಸಿ. ಮಗುವಿನ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಸಾಲದು, ಕಡಲೆಕಾಯಿ ಅಂಶ ಅದರಿಂದ ಹೋಗುವುದಿಲ್ಲ. ಸೋಪು ನೀರು ಇಲ್ಲವೇ ವೈಪ್ಸ್ ಬೇಕು.

ಧಾರವಾಡದಿಂದ:
ನಮ್ಮ ಹುಡುಗನಿಗೆ ಶೇಂಗಾ ಅಲರ್ಜಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ತುಟಿ ಊದಿ ವಾಂತಿ ಶುರುವಾದಾಗ ಸೆಟ್ರಿಜಿನ್ ಎಂಬ ಅಲರ್ಜಿ ಔಷಧಿ ಕೊಟ್ಟು ಕಾದೆ. ಆ ಹೊತ್ತಿನಲ್ಲಿ ಮೊದಲು ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಭಾಗಕ್ಕೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು. ಅದಕ್ಕೇ ಎರಡು ಡೋಸ್ ಇರಲಿ. ಚೆಕ್-ಇನ್ ಲಗೇಜಿನಲ್ಲಿ ಬೇಡ, ತಲೆ ಮೇಲಿನ ಶೆಲ್ಫಿನಲ್ಲೂ ಬೇಡ, ನಿಮ್ಮ ಕಾಲ ಬಳಿಯ ಚೀಲದಲ್ಲಿರಲಿ. ವೈದ್ಯರ ಪತ್ರವೂ ಜೊತೆಗಿರಲಿ.

ಪೆನ್ನಿನಂಥ ಇಂಜೆಕ್ಷನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆಂಪೂಲ್ (ಔಷಧಿಯ ಸಣ್ಣ ಗಾಜಿನ ಸೀಸೆ), ಸಿರಿಂಜ್ ಕೊಟ್ಟರೆ ಮಗುವಿನ ತೂಕಕ್ಕೆ ಎಷ್ಟು ಎಂದು ವೈದ್ಯರ ಕೈಯಲ್ಲೇ ಬರೆಸಿಕೊಳ್ಳಿ. ಆಂಪೂಲ್ ಒಡೆದು ಔಷಧಿ ಎಳೆಯುವುದನ್ನೂ ಅಲ್ಲೇ ಕಲಿಯಿರಿ. ನಾನು, ನನ್ನ ಹೆಂಡತಿ ಇಬ್ಬರೂ ಕಿತ್ತಳೆ ಹಣ್ಣಿಗೆ ಚುಚ್ಚಿ ಕಲಿತೆವು. ಕೈ ನಡುಗುವಾಗ ಆ ಅಭ್ಯಾಸವೇ ಬೇಕಾಗುತ್ತದೆ.

ಇಂಗ್ಲೆಂಡಿನ ರೆಡಿಂಗ್‌ನಿಂದ:
ವಾಪಸ್ ಬರುವಾಗಿನ ಊಟಕ್ಕೂ ಈಗಲೇ ಯೋಚಿಸಿ. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ಯಾಗೆಟ್ (ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್) ತಿಂದು ವಿಮಾನ ಹತ್ತಿದಳು. ಬ್ರೆಡ್ಡಿನ ಹಿಟ್ಟಿನಲ್ಲೇ ಅವಳಿಗೆ ಆಗದ ಎಳ್ಳಿತ್ತು, ಲೇಬಲ್ಲಿನಲ್ಲಿ ಇರಲಿಲ್ಲ. ಮಗು ಉಳಿಯಲಿಲ್ಲ. ಅವಳ ಅಪ್ಪ ಅಮ್ಮ ಹೋರಾಡಿದ್ದರಿಂದ, 2021ರ ಅಕ್ಟೋಬರ್‌ನಿಂದ ಇಲ್ಲಿ ಅಂಗಡಿಯಲ್ಲೇ ಮಾಡಿ ಪ್ಯಾಕ್ ಮಾಡಿಟ್ಟ ತಿಂಡಿಯ ಮೇಲೂ ಏನೇನು ಹಾಕಿದ್ದಾರೆ ಎಂದು ಪೂರ್ತಿ ಬರೆಯಲೇಬೇಕು. ಹಾಗಾಗಿ ಪ್ಯಾಕ್ ಮಾಡಿದ್ದನ್ನೇ ಓದಿ ಕೊಳ್ಳಿ. ಹೋಟೆಲಿನ ತಟ್ಟೆಗೆ ಈ ಕಾನೂನು ಇಲ್ಲ, ಅಲ್ಲಿ ನೀವೇ ಕೇಳಬೇಕು.